ಅಪ್ಪನ ತೋಳಿನ ಅಲೆಪಟ್ಟಿ

ಬೇಗಂಪೇಟೆಯ ಸ್ಟುಡಿಯೋದವನು ಅಪ್ಪನ ಫೋಟೊ ದೊಡ್ಡದು ಮಾಡಿ ಕೊಟ್ಟಾಗ ನನ್ನ ಕಣ್ಣು ಮೊದಲು ಹೋದದ್ದು ತೋಳಿನ ತುದಿಗೆ. ಎರಡನೇ ಮಹಾಯುದ್ಧದಲ್ಲಿ ಅಪ್ಪ ಮೀಸಲು ನೌಕಾದಳದ ಅಧಿಕಾರಿ. ಕಾಯಂ ಅಧಿಕಾರಿಗಳ ತೋಳಿನ ಬಂಗಾರದ ಪಟ್ಟಿ ನೆಟ್ಟಗಿರುತ್ತಿತ್ತು, ಮೀಸಲಿನವರದ್ದು ಅಲೆಅಲೆಯಾಗಿ. ಆ ಅಲೆ ಇದ್ದಲ್ಲಿ ಈಗ ಸ್ಕೇಲಿಟ್ಟು ಎಳೆದಂಥ ಗೆರೆಗಳು. ಫೋಟೊ ಹಳೆಯದಾಗಿ ಪಟ್ಟಿ ಸೊಟ್ಟಗಾಗಿತ್ತು, ಕಂಪ್ಯೂಟರಿನಲ್ಲಿ ಸರಿಮಾಡಿದೆ ಎಂದು ಅವನು ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮನುಷ್ಯ, ಯುದ್ಧ ಶುರುವಾದಾಗ ಕೆಲಸ ಬಿಟ್ಟು ಮುಂಬೈಗೆ ಹೋಗಿ ಸೇರಿಕೊಂಡರು. ಬಂದರಿನ ಬಾಯಲ್ಲಿ ಶತ್ರುಗಳು ನೀರಿನಡಿ ಇಟ್ಟ ಸ್ಫೋಟಕಗಳನ್ನು ಹುಡುಕಿ ತೆಗೆಯುವ ಸಣ್ಣ ಹಡಗು ಇವರದು. ಅಂಥದ್ದೊಂದು ಸಿಡಿದು ಇವರ ಹಡಗೇ ಸೀಳಿದಾಗ, ನೀರು ನುಗ್ಗುತ್ತಿದ್ದ ಎಂಜಿನ್ ಕೋಣೆಗೆ ಇಳಿದು ಗಾಯಗೊಂಡವರನ್ನು ಹೊತ್ತು ತಂದರು. ಪದಕ ಬಂದದ್ದು ಅದಕ್ಕೆ. ಆಮೇಲೂ ಕಾಯಂನವರು ಊಟದ ಮೇಜಿನಲ್ಲಿ ಇವರನ್ನು ಸೊಟ್ಟಪಟ್ಟಿ ಮಾಸ್ತರ ಎಂದು ಕರೆದು ನಗುತ್ತಿದ್ದರಂತೆ. ಯುದ್ಧ ಮುಗಿಯಿತು, ಇವರನ್ನು ಮನೆಗೆ ಕಳಿಸಿದರು. ಮುಂದೆ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೂ ದುಡಿದರು. ಸಮುದ್ರವಿಲ್ಲದ ಈ ಊರಿನಲ್ಲಿ ಅವರ ಹಡಗಿನ ಮಾತು ಯಾರಿಗೆ ಬೇಕಿತ್ತು?

ಪಟ್ಟಿ ಯಾಕೆ ಸೊಟ್ಟ ಎಂದು ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ.

“ಅವರು ನೌಕರಿಗಂತ ಬಂದಿದ್ರು. ನಾವು ನೌಕರಿ ಬಿಟ್ಟು ಹೋಗಿದ್ವಿ,” ಅಂದಿದ್ದರು ಅಪ್ಪ. “ನೋಡಿದವರಿಗೆ ಅದು ಗೊತ್ತಾಗಬೇಕಲ್ಲ.”

ಆ ಪಟ್ಟಿಯನ್ನು ತೋಳಿಗೆ ಹೊಲಿದವಳು ಅಮ್ಮ. ಆಗಷ್ಟೇ ಮದುವೆಯಾಗಿ ಮುಂಬೈಯ ಚಾಳಿನ ಒಂಟಿ ಕೋಣೆಗೆ ಬಂದಿದ್ದಳು. ನೆಟ್ಟನೆಯ ಪಟ್ಟಿಯಾದರೆ ಯಾವ ದರ್ಜಿಯಾದರೂ ಹೊಲಿದಾನು, ಅಲೆಯ ಪಟ್ಟಿಯನ್ನು ಪ್ರತಿ ತಿರುವಿನಲ್ಲೂ ಬೆರಳಲ್ಲಿ ಒತ್ತಿ ಹಿಡಿದು ಟಾಕು ಹಾಕಬೇಕು. ಒಂದು ಅಲೆ ಏರುಪೇರಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳಂತೆ.

ಫೋಟೊ ಬೇಕಾಗಿದ್ದದ್ದು ನಮ್ಮ ಕನ್ನಡ ಸಂಘದ ಹೊಸ ಸಭಾಂಗಣಕ್ಕೆ. ದುಡ್ಡು ಕೊಟ್ಟು ಸ್ಟುಡಿಯೋದಿಂದ ಒಯ್ದವರೂ ಸಂಘದವರೇ. ಇದನ್ನು ತೂಗುಹಾಕಬೇಡಿ, ಬೇರೆ ಮಾಡಿಸಿ ಕೊಡುತ್ತೇನೆ ಎಂದು ಕಾರ್ಯದರ್ಶಿಗೆ ಹೇಳಿದೆ. ಉದ್ಘಾಟನೆ ನಾಳೆಯೇ ಇದೆ, ಅತಿಥಿಗಳು ಬರುತ್ತಾರೆ, ಗೋಡೆ ಖಾಲಿ ಬಿಡಲಾಗುವುದಿಲ್ಲ ಎಂದರು.

“ಹಾರ ಹಾಕಿದ ಮ್ಯಾಲ ತೋಳು ಯಾರ ನೋಡ್ತಾರ್ರಿ ಅಕ್ಕಾರ? ನೆಟ್ಟಗಿದ್ರ ಚಂದನ ಕಾಣ್ತೈತಿ.”

ಚಂದವಂತೆ! ಅಪ್ಪನನ್ನು ನೋಡಿ ನಕ್ಕವರ ವೇಷ ತೊಡಿಸಿ ಅಪ್ಪನನ್ನೇ ಗೋಡೆಗೆ ಏರಿಸುವುದು ಇವರಿಗೆ ಚಂದ. ಬಾಯಿಗೆ ಬಂದಂತೆ ಬೈದೆ. ನಗುತ್ತ ಕೇಳಿಸಿಕೊಂಡು ಮಾರನೆಯ ದಿನ ಅದನ್ನೇ ತೂಗುಹಾಕಿದರು.

ನಾನು ಹೋಗುವವಳಲ್ಲ. ಆದರೆ ತಾರ್ನಾಕದ ಮನೆಯಲ್ಲಿ ತೊಂಬತ್ತರ ಸಮೀಪದ ಅಮ್ಮ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಗಂಡನ ಫೋಟೊಗೆ ಅವಳ ಕೈಯಿಂದಲೇ ಹಾರ ಹಾಕಿಸುವುದೆಂದು ನಿಶ್ಚಯವಾಗಿತ್ತು. ಪಟ್ಟಿಯ ಸಂಗತಿ ಅವಳಿಗೆ ಹೇಳಲಿಲ್ಲ. ಕೈ ಹಿಡಿದು ಆಟೋ ಹತ್ತಿಸಿದೆ.

ಭಾಷಣಗಳಲ್ಲಿ ಅಪ್ಪ ಯೋಧರಾದರು, ಕನ್ನಡದ ಕುಲತಿಲಕರಾದರು. ಆ ಮಾತಾಡಿದವರಲ್ಲಿ ಒಬ್ಬನೂ ಜೀವಂತ ಅಪ್ಪನ ಬಳಿ ಕೂತು ಒಂದು ಕಪ್ ಚಹಾ ಕುಡಿದವನಲ್ಲ. ಕೊನೆಗೆ ಕಾರ್ಯದರ್ಶಿ ಅಮ್ಮನ ಕೈಗೆ ಹಾರ ಕೊಟ್ಟು ಫೋಟೊದ ಮುಂದೆ ನಿಲ್ಲಿಸಿದರು. ಪೊರೆಯ ಆಪರೇಷನ್ ಆದ ಮೇಲೆ ಅಮ್ಮನ ಕಣ್ಣು ಚುರುಕಾಗಿತ್ತು. ಮುಖ ನೋಡಿದಳು, ತೋಳು ನೋಡಿದಳು. ಕೈ ಎತ್ತಿ ಗಾಜಿನ ಮೇಲೆ ಆ ಗೆರೆಯುದ್ದಕ್ಕೂ ಬೆರಳು ಆಡಿಸಿದಳು. ಹಾರ ಹಾಕ್ರಿ ಅಮ್ಮಾ ಎಂದು ಕಾರ್ಯದರ್ಶಿ ಮೆಲ್ಲಗೆ ನೆನಪಿಸಿದರು.

ಅಮ್ಮ ಹಾರವನ್ನು ಅವರ ಕೈಗೇ ವಾಪಸು ಇಟ್ಟಳು.

“ಇವರ ಹೆಂಡ್ತಿ ಎಲ್ಲಿದಾರ ನೋಡ್ರಿ,” ಅಂದಳು. “ಅವರ ಕೈಲೆ ಹಾಕಸ್ರಿ.”