ಸಾಗರನ ಅಕೌಂಟಿನಲ್ಲಿಟ್ಟ ನಗು

ಕೋಟೆ ಪಟ್ಟಣದ ಬಸ್ ನಿಲ್ದಾಣದ ಹಿಂದೆ ಫೋಟೊ ಸ್ಟುಡಿಯೊ ನಡೆಸುವ ನಂದಿತಾಗೆ, ಯಾರಾದರೂ ಬಂದು ಮದುವೆ ವಿಡಿಯೊ ಹಾಳಾಯಿತೆಂದರೆ ಒಳಗೊಳಗೇ ಹಿಗ್ಗು. "ಹೋದ್ರೆ ಹೋಗ್ಲಿ ಬುಡಿ, ನನ್ನತ್ರ ಅದೆ" ಎನ್ನುವುದಕ್ಕೆ ಒಂದು ಅವಕಾಶ ಸಿಗುತ್ತಿತ್ತಲ್ಲ, ಅದಕ್ಕೆ. ಆ ಮಾತನ್ನು ನಂಬಿಯೇ ಹಂಪಾಪುರ, ಸರಗೂರು ಕಡೆಯ ಜನ ದೊಡ್ಡ ಸ್ಟುಡಿಯೊಗಳನ್ನು ದಾಟಿಕೊಂಡು ಅವಳ ಬಳಿ ಬರುತ್ತಿದ್ದರು.

ಹಿಂದೊಮ್ಮೆ ಹಾರ್ಡ್‌ಡಿಸ್ಕ್ ಕೆಟ್ಟು ಒಂದು ಹಂಗಾಮಿನ ಮದುವೆಗಳೆಲ್ಲ ಮಣ್ಣುಪಾಲಾಗಿದ್ದವು. ಆಮೇಲೆ ಅವಳು ಹಿಡಿದ ದಾರಿ ಕ್ಲೌಡು. ಇಂಟರ್ನೆಟ್ಟಿನಲ್ಲಿ ಒಂದು ಅಕೌಂಟಿಗೆ ಹದಿನೈದು ಜಿಬಿ ಜಾಗ ಪುಕ್ಕಟೆ. ಎರಡು ಮದುವೆ ತುಂಬಿದರೆ ಭರ್ತಿ. ಒಂದೇ ಫೋನ್ ನಂಬರಿನಲ್ಲಿ ಬೇಕಾದಷ್ಟು ಅಕೌಂಟು ತೆರೆಯಲು ಬಿಡುವುದಿಲ್ಲ. ಹಾಗಾಗಿ ನಂದಿತಾ ನೆಂಟರ ನಂಬರು ಕೇಳಿದಳು. ಈ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು, ಹಾಗೆ. ನಂಬರು ಕೊಟ್ಟವರ ಮನೆಯ ಶುಭಕಾರ್ಯಕ್ಕೆ ಅವಳ ಕ್ಯಾಮೆರಾ ಬಿಟ್ಟಿ. ಪುಟ್ಟಮಾದಮ್ಮತ್ತೆಯ ನಂಬರಿನಲ್ಲಿ ಸರಗೂರಿನ ಮದುವೆಗಳು, ಚಿಕ್ಕಮಾದು ಮಾವನದರಲ್ಲಿ ನಾಮಕರಣಗಳು. ಪಿರಿಯಾಪಟ್ಟಣದಲ್ಲಿರುವ ಚಿಕ್ಕಮ್ಮನ ಮಗ ಸಾಗರನ ನಂಬರಿನಲ್ಲಿ ಎರಡು ಮದುವೆ: ಹಂಪಾಪುರದ ಮಂಗಳಮ್ಮನ ಮಗಳದ್ದು, ಸಾಗರನದ್ದೇ ಇನ್ನೊಂದು. ಅಪ್‌ಲೋಡ್ ಆದ ಮೇಲೆ ತನ್ನ ಕಂಪ್ಯೂಟರಿನಿಂದ ಅವನ್ನೆಲ್ಲ ಅಳಿಸಿ ನಿಶ್ಚಿಂತೆಯಾಗಿದ್ದಳು. ಪುಕ್ಕಟೆ ಜಾಗ ಕೊಡುವ ಕ್ಲೌಡಿನವನು ಧಣಿಯಲ್ಲ, ಜಾಗ ತೋರಿಸಿ ಕೂರಿಸುವವನು. ಎದ್ದೇಳು ಅನ್ನುವ ಹಕ್ಕನ್ನು ಯಾರ ಕೈಗೆ ಕೊಟ್ಟಿದ್ದಾನೆ ಎಂದು ಅವಳು ಕೇಳಲೇ ಇಲ್ಲ.

ಮಂಗಳಮ್ಮನ ಗಂಡ ಚೆಲುವಯ್ಯ ತೀರಿಕೊಂಡ. ತಿಥಿಗೆ ಫೋಟೊ ಬೇಕಿತ್ತು. ಆ ಮನುಷ್ಯ ಕ್ಯಾಮೆರಾ ಕಂಡರೆ ಮುಖ ತಿರುಗಿಸುವವನು. ಮಗಳ ಮದುವೆಯ ದಿನ ಮಾತ್ರ, ಸಾಂಬಾರಿನ ಬಕೆಟ್ಟು ಹಿಡಿದು ಬೀಗರನ್ನು ರೇಗಿಸುತ್ತಾ ನಕ್ಕಿದ್ದು ವಿಡಿಯೊದಲ್ಲಿ ಸಿಕ್ಕಿತ್ತು. ಮನೆಗೆ ಕೊಟ್ಟಿದ್ದ ಪೆನ್‌ಡ್ರೈವ್ ಯಾವಾಗಲೋ ಸತ್ತಿತ್ತು.

"ಆಧಾರ್ ಕಾರ್ಡ್ನಾಗೆ ಐತೆ ಕಣವ್ವ, ಆದ್ರೆ ಅದು ಕೋಳಿ ಕದ್ದು ಸಿಕ್ಕಾಕ್ಕೊಂಡೋನ್ ಮುಖ" ಎಂದು ಸ್ಟುಡಿಯೊಗೆ ಬಂದ ಮಂಗಳಮ್ಮ ಆ ದುಃಖದಲ್ಲೂ ನಕ್ಕಳು. "ಆ ಬಕೀಟಿನ ನಗೂನ ತೆಗ್ದುಕೊಡು."

"ಅದೆ ಬುಡಿ ಮಂಗಳಕ್ಕ, ನನ್ನತ್ರ ಅದೆ."

ಮಂಗಳಮ್ಮ ಹೋದ ಮೇಲೆ ನಂದಿತಾ ಅಕೌಂಟು ತೆರೆಯಲು ಹೋದಳು. ಪಾಸ್‌ವರ್ಡ್ ತಪ್ಪು ಎಂದಿತು. ಓಟಿಪಿ ಹೋಗುವುದು ಸಾಗರನ ಫೋನಿಗೆ. ಅವನಿಗೇ ಫೋನ್ ಮಾಡಿದಳು.

"ಅದಾ? ಪಾಸ್‌ವರ್ಡ್ ನಾನೇ ಬದ್ಲಾಯಿಸ್ದೆ ಕಣಕ್ಕ" ಎಂದ ಸಾಗರ. "ಜಾಗ ತುಂಬೋಯ್ತು, ತುಂಬೋಯ್ತು ಅಂತ ದಿನಾ ಬಡ್ಕೊತಿತ್ತು. ನಮ್ ಎತ್ತಿನ ರೀಲ್ಸ್ ಹಾಕಕ್ಕೆ ಜಾಗ ಬ್ಯಾಡ್ವಾ? ಹಳೇವೆಲ್ಲ ತೆಗ್ದಾಕ್ದೆ."

"ಕಸದ ಬುಟ್ಟಿಲಿ ಇರ್ತದೆ ನೋಡ್ಲಾ."

"ತಿಂಗ್ಳಾದ್ರೆ ಅದೂ ಖಾಲಿ ಆಗ್ತದೆ. ಇದು ಯುಗಾದಿಗೆ ಮುಂಚಿನ ಮಾತು."

ನಂದಿತಾಗೆ ಏನೋ ಹೊಳೆಯಿತು. "ನಿನ್ ಮದ್ವೆದೂ ಅದ್ರಲ್ಲೇ ಇತ್ತಲ್ಲೋ. ಅದೂ ಹೋಯ್ತಾ?"

ಅತ್ತ ಕಡೆ ಅವನು ಎತ್ತನ್ನು ಗದರಿಸಿದ್ದು ಕೇಳಿಸಿತು. ಆಮೇಲೆ ಸಾಗರ ಮೆಲ್ಲಗೆ ಹೇಳಿದ: "ನಮ್ದು ಪೆನ್‌ಡ್ರೈವ್‌ಗೆ ಇಳಿಸ್ಕೊಂಡೆ."

"ಹಂಗಾರೆ ಅಳಿಸಿದ್ರೆ ಹೋಗ್ಬುಡ್ತದೆ ಅಂತ ಗೊತ್ತಿತ್ತು ನಿಂಗೆ. ನಂಗೊಂದು ಮಾತು ಹೇಳಕ್ಕಾಗ್ಲಿಲ್ವಾ?"

"ನಿನ್ನತ್ರ ಇನ್ನೊಂದ್ ಕಾಪಿ ಇರ್ತದೆ ಅನ್ಕಂಡೆ. ಇಷ್ಟಕ್ಕೂ ನಂಬರು ನಂದಲ್ವಾ ಅಕ್ಕ?" ಉಪಕಾರ ಮಾಡುವವನಂತೆ ಸೇರಿಸಿದ: "ಆಧಾರ್ ಫೋಟೊ ಹಾಕು, ಎಐ ನಗಿಸ್ತದೆ. ಅದೂ ಫ್ರೀನೇ."

ಅವನ ಮದುವೆಯ ದಿನ ನಂದಿತಾ ಜ್ವರದಲ್ಲೂ ಧಾರೆಯಿಂದ ಬೀಗರೂಟದವರೆಗೆ ಕ್ಯಾಮೆರಾ ಇಳಿಸಿರಲಿಲ್ಲ. ಆ ದುಡಿಮೆಯನ್ನು ಭದ್ರವಾಗಿ ಜೇಬಿಗಿಳಿಸಿಕೊಂಡು, ಅದರ ಪಕ್ಕದಲ್ಲೇ ಇದ್ದ ಇನ್ನೊಬ್ಬರ ಮನೆಯ ಮದುವೆಯನ್ನು ಗುಡಿಸಿ ಹಾಕಿದ್ದ. ಕೈತಪ್ಪಿ ಆಗಿದ್ದರೆ ಅವಳು ಅತ್ತು ಸುಮ್ಮನಾಗುತ್ತಿದ್ದಳು. ಇದು ಹೆಕ್ಕಿ ಹೆಕ್ಕಿ ಮಾಡಿದ್ದು.

ಆದರೂ ಆಸೆ. ಮಂಗಳಮ್ಮನ ಮಗಳಿಂದ ಆಧಾರ್ ಫೋಟೊ ತರಿಸಿಕೊಂಡು, ಸಾಗರ ಹೇಳಿದಂತೆ ಒಂದು ಎಐ ಆ್ಯಪಿಗೆ ಹಾಕಿ ನೋಡಿದಳು. ಚೆಲುವಯ್ಯ ನಕ್ಕ. ಎಲೆಅಡಿಕೆ ತಿಂದು ಕೆಂಪಾಗಿದ್ದ, ಮುಂದಿನದೊಂದು ಉದುರಿದ್ದ ಆ ಹಲ್ಲುಗಳ ಜಾಗದಲ್ಲಿ ಟೂತ್‌ಪೇಸ್ಟ್ ಜಾಹೀರಾತಿನ ಸಾಲು. ನಂದಿತಾ ಅದನ್ನು ಅಳಿಸಿ, ಬರಿಗೈಯಲ್ಲಿ ಹಂಪಾಪುರದ ಬಸ್ಸು ಹತ್ತಿದಳು.

ಮಂಗಳಮ್ಮ ಜಗಲಿಯ ಮೇಲೆ ತಿಥಿಯಡುಗೆಗೆ ಅವರೆಕಾಳು ಆರಿಸುತ್ತಿದ್ದಳು. ನಂದಿತಾ ಏನನ್ನೂ ಮುಚ್ಚಿಡದೆ ಹೇಳಿದಳು. ಸಾಗರನ ನಂಬರು, ಅವನ ರೀಲ್ಸು, ಅವನ ಪೆನ್‌ಡ್ರೈವು, ಎಲ್ಲ. ಹೇಳುತ್ತಾ ಹೇಳುತ್ತಾ ಸಿಟ್ಟು ಉಕ್ಕಿ ಬಂತು. "ಒಡಹುಟ್ಟಿದ ತಮ್ಮನಂಗೆ ನಂಬಿದ್ದೆ ಮಂಗಳಕ್ಕ. ಇಂಥಾ ದ್ರೋಹ ಮಾಡ್ದ."

ಮಂಗಳಮ್ಮ ಮೊರ ಕೆಳಗಿಟ್ಟಳು.

"ಆ ಸಾಗರ ಯಾರು ಅಂತ ನಂಗೊತ್ತಿಲ್ಲ ಕಣವ್ವ" ಎಂದಳು. "ನಾನು ನಿನ್ ಕೈಗೆ ಕೊಟ್ಟಿದ್ದು."

ಮಂಗಳಮ್ಮ ಒಳಗೆ ಹೋಗಿ ಗಂಡನ ಆಧಾರ್ ಕಾರ್ಡು ತಂದಳು. ನಂದಿತಾ ಕೈ ಚಾಚಿದಳು. "ಕೊಡಿ, ಇದ್ನೇ ಚೆನ್ನಾಗಿ ದೊಡ್ಡದು ಮಾಡಿ, ಕಟ್ಟು ಹಾಕಿಸಿ ತತ್ತೀನಿ."

ಮಂಗಳಮ್ಮ ಕಾರ್ಡನ್ನು ಸೆರಗಿನಿಂದ ಒಮ್ಮೆ ಒರೆಸಿ, ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

"ಬ್ಯಾಡ ಬುಡು. ಅಳಿಯ ಹುಣಸೂರಿಗೆ ಹೋಯ್ತಾವ್ನೆ, ಅಲ್ಲೇ ಮಾಡಿಸ್ಕತೀವಿ. ಕಾಫಿ ಕುಡ್ದು ಹೋಗು."