ಅಪ್ಪ ಬಲಗಡೆಯಿಂದ ಓದಿದ ಚಿತ್ರ

ಒಂದು ಜ್ವರಕ್ಕೆ ನಮ್ಮ ಕೂಸು ಹೋಯಿತು. ಮಣ್ಣು ಮಾಡಿ ಬಂದ ಮೇಲೆ ಮಂಠಾಳದ ತವರಿಗೆ ಹೋದ ಹೆಂಡತಿ ತಿಂಗಳುಗಳಾದರೂ ತಿರುಗಿ ಬರಲಿಲ್ಲ. ನಾನು ಕರೆಯಲು ಹೋದರೆ ಒಳಕೋಣೆಯಿಂದ ಹೊರಗೇ ಬರಲಿಲ್ಲ. ಕೊನೆಗೆ ಬಸವಕಲ್ಯಾಣದಲ್ಲಿದ್ದ ಅಪ್ಪ, ತಾನೇ ಕರೆತರುತ್ತೇನೆಂದು ಹೊರಟ.

ಆಗ ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮಾಸ್ತರ. ಫೈನ್‌ಮನ್ ಚಿತ್ರಗಳು ನಮ್ಮ ಪಠ್ಯದಲ್ಲೇನೂ ಇರಲಿಲ್ಲ. ಒಂದು ಕಣ ಒಡೆದು ಬೇರೆ ಕಣಗಳಾಗುವುದನ್ನು ಕೆಲವೇ ಗೆರೆಗಳಲ್ಲಿ ಹೇಳುವ ಚಿತ್ರಗಳವು. ಖಾಲಿ ಮನೆಯಲ್ಲಿ ಹುಚ್ಚನ ಹಾಗೆ ಅವನ್ನೇ ಬರೆಯುತ್ತ ಕೂತಿರುತ್ತಿದ್ದೆ. ಬೇರೇನು ಮಾಡಬೇಕೆಂದು ಯಾರಿಗೆ ಗೊತ್ತಿತ್ತು?

ಮಂಠಾಳದಿಂದ ಅಪ್ಪ ಒಬ್ಬನೇ ಬಂದ. ನೀರು ಕುಡಿದು, ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡ. ನ್ಯೂಟ್ರಾನ್ ಒಡೆಯುವ ಚಿತ್ರ ಅದು: ಎಡಕ್ಕೆ ಒಂದು ಗೆರೆ, ಬಲಕ್ಕೆ ಕವಲೊಡೆದ ಮೂರು, ಒಂದೊಂದರ ಮೇಲೂ ಒಂದು ಬಾಣ.

ಅಪ್ಪ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವನು. ಹಾಳೆ ಕಂಡರೆ ಅವನ ಕಣ್ಣು ಮೊದಲು ಬಲಗಡೆಗೆ ಹೋಗುತ್ತಿತ್ತು. ನಾನು ಶಾಲೆಗೆ ಸೇರುವಷ್ಟರಲ್ಲಿ ರಾಜ್ಯವೇ ಬದಲಾಗಿ ಕನ್ನಡ ಬಂದಿತ್ತು.

"ಚಲೋ ಅದಲ್ಲೋ," ಎಂದ. "ಮೂರೂ ಬಂದು ಒಂದಾಗಾಕತ್ತಾವ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರಿ ಅಪ್ಪ, ಈ ಕಡಿಂದ ಓದಬೇಕ್ರಿ. ಇದು ಒಡ್ಯಾಕತ್ತದ."

"ಮತ್ತ ಈ ಬಾಣ ಯಾಕ ಒಳಗ ಬರಾಕತ್ತದ?"

ಉಳಿದ ಬಾಣಗಳನ್ನೆಲ್ಲ ಬಿಟ್ಟು ಅದೊಂದನ್ನೇ ಹಿಡಿದಿದ್ದ. ಅದು ಆಂಟಿನ್ಯೂಟ್ರಿನೊ. ಅದರ ಬಾಣವನ್ನು ಹಿಂದುಮುಂದಾಗಿ ಬರೆಯುವುದು ರೂಢಿ ಅಷ್ಟೇ, ಕಣ ಹೋಗುವುದು ಹೊರಗೇ, ಯಾವುದಕ್ಕೂ ತಾಕದೆ ಭೂಮಿಯನ್ನೇ ದಾಟಿ ಹೋಗಿಬಿಡುತ್ತದೆ ಎಂದು ಕಾಲೇಜಿನ ಹುಡುಗರಿಗೆ ಹೇಳುವಂತೆ ಹೇಳಿದೆ.

"ಹೊಳ್ಳಿ ಬರೂದಿಲ್ಲೇನು?"

"ಇಲ್ರಿ, ತಿರುಗಿ ಬರೂದಿಲ್ರಿ."

ಅಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನು ಸವರಿದ. ಆಮೇಲೆ, "ಅಕಿನೂ ಹಂಗೇ ಅಂದಳಪಾ," ಎಂದ.

ಅಪ್ಪ ಈಗಿಲ್ಲ. ಆ ಚಿತ್ರವನ್ನು ಎಷ್ಟೋ ಸಲ ಮತ್ತೆ ಬರೆದು, ಅವನ ಹಾಗೆ ಬಲಗಡೆಯಿಂದ ಓದಲು ನೋಡಿದ್ದೇನೆ. ನನ್ನ ಕಣ್ಣು ಎಡಗಡೆಯಿಂದಲೇ ಹೊರಡುತ್ತದೆ.