ಅಡ್ಡ ಮಲಗಿದ ಜಪಾನು

ಮೊನ್ನೆ ಬಾದಾಮಿಯ ನನ್ನ ಹಳೆ ಸಾಮಾನಿನ ಅಂಗಡಿಗೆ ಒಬ್ಬಾತ ಒಂದು ಹಾಳೆಯನ್ನು ಪುರಾತನ ನಕಾಶೆ ಅಂತ ತಂದ. ಮೂಸಿ ನೋಡಿದೆ. ಚಹಾದ ವಾಸನೆ! ಹೊಸ ಕಾಗದವನ್ನು ಚಹಾದಲ್ಲಿ ಅದ್ದಿ ಹಳೆಯದು ಮಾಡಿದ್ದ. ನಿಮಗೂ ಹೇಳಿರುತ್ತೇನೆ, ದರ ಕೇಳುವ ಮೊದಲು ಮೂಸಿ ನೋಡಿ. ಅಸಲಿ ಹಾಳೆಗೆ ಒಗೆದು ಮಡಿಚಿಟ್ಟ ಅರಿವೆಯಂಥ ವಾಸನೆ ಇರುತ್ತದೆ. ಅಂಥ ವಾಸನೆ ನನಗೆ ಸಿಕ್ಕದ್ದು ಒಮ್ಮೆ ಮಾತ್ರ, ಕಲಾದಗಿಯಲ್ಲಿ... ಜೊತೆಗೆ ನಮ್ಮ ಓಣಿಯ ಭೂಗೋಳದ ಮಾಸ್ತರು ಇದ್ದರು.

ಮಾಸ್ತರು ಸಮುದ್ರವನ್ನೇ ನೋಡಿದವರಲ್ಲ. ಆದರೆ ಯುರೋಪಿನವರು ಮೊದಮೊದಲು ಬಿಡಿಸಿದ ಜಪಾನಿನ ನಕಾಶೆಗಳೆಂದರೆ ಹುಚ್ಚು. ಗೋಡೆ ತುಂಬ ಝೆರಾಕ್ಸ್ ಪ್ರತಿಗಳು. ಸಾಯುವುದರೊಳಗೆ ಒಂದಾದರೂ ಅಸಲಿ ಹಾಳೆ ಮನೆಗೆ ಬರಬೇಕೆಂಬುದು ಅವರ ಒಂದೇ ಹಂಬಲ. ಕಲಾದಗಿಯ ಒಬ್ಬ ಮುದುಕಿಯ ಟ್ರಂಕಿನ ತಳಕ್ಕೆ ಅಂಥದೊಂದು ಹಾಸಿದೆ ಎಂಬ ಸುದ್ದಿ ತಂದವನು ನಾನೇ.

ಬಸ್ಸಿನಲ್ಲೇ ಕೈಮುಗಿದು ಹೇಳಿದ್ದೆ. "ಸರ್ರ, ನೀವು ಬಾಯಿ ಬಿಡಬ್ಯಾಡ್ರಿ. ನಕಾಶೆ ಕಡೆ ನೋಡೂದೂ ಬ್ಯಾಡ."

ಗೋಣು ಹಾಕಿದರು. ನಾನೂ ನಂಬಿದೆ!

ಬೇಕಾದದ್ದನ್ನು ಯಾವಾಗಲೂ ಕೊನೆಗೆ ಕೇಳಬೇಕು. ಮುದುಕಿಯ ಮನೆಯಲ್ಲಿ ಮೊದಲು ಹಿತ್ತಾಳೆಯ ಕೊಡ ನೋಡಿದೆ, ತಂಬಿಗೆ ನೋಡಿದೆ. ಆಮೇಲೆ ಟ್ರಂಕಿನೊಳಗೆ ಬೆರಳು ತೋರಿಸಿ, "ಇದೇನಬೇ ಈ ಕಾಗದ? ಜಪಾನ ನೋಡು, ಅಡ್ಡ ಮಲಗೇತಿ. ಕೊರಿಯಾ ನಡುಗಡ್ಡಿ ಆಗೇತಿ. ಎಲ್ಲಾ ತಪ್ಪ, ರದ್ದಿಗೆ ಹಾಕೂದು" ಅಂದೆ.

"ಒಯ್ಯಪಾ, ಕಸಾ ಕಡಿಮಿ ಆಗ್ತೈತಿ," ಎಂದಳು ಮುದುಕಿ.

ಮುಗಿದಿತ್ತು. ಹಾಳೆ ಮಾಸ್ತರ ಕೈಗೇ ಬಂದಿತ್ತು. ಆಗ ಈ ಮನುಷ್ಯ ಬಾಯಿ ತೆರೆದರು.

"ಕಸಾ ಅಲ್ಲವ್ವಾ! ಆ ದೇಶದಾಗ ಕಾಲ ಇಡದವರು ಹಡಗಿನವರ ಮಾತು ಕೇಳಿ ಬರದದ್ದು ಇದು. ಭಾಳ ಅಪರೂಪದ್ದು. ಇವನ ಮಾತಿಗೆ ಕೊಡಬ್ಯಾಡ, ತಿಳಿದವರಿಗೆ ತೋರಸು."

ಮುದುಕಿ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. "ಹೌದೇನ್ರಿ? ಹಂಗಾದ್ರ ನಮ್ಮ ಅಳಿಯಾ ಬರ್ಲಿ ತಡೀರಿ."

ಅಳಿಯ ಬಂದ. ನಕಾಶೆ ಮುಂಬಯಿಗೆ ಹೋಯಿತು.

ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಲೆ ಕೆಟ್ಟು ಹೋಗಿತ್ತು. "ನಿಮಗ ನಕಾಶೆ ಬೇಕಾಗಿತ್ತೋ, ಭಾಷಣ ಮಾಡೂದು ಬೇಕಾಗಿತ್ತೋ?"

ಮಾಸ್ತರು ಚಿಕ್ಕು ಸುಲಿಯುತ್ತ ಕೂತಿದ್ದರು. "ಆಕೀಗೆ ಸುಳ್ಳು ಹೇಳಿ ತಂದದ್ದನ್ನ ಗ್ವಾಡಿಗೆ ಹೆಂಗ ಹಚ್ಚಲೋ ತಮ್ಮಾ? ದಿನಾ ಎದ್ದು ನೋಡಬೇಕಲ್ಲ..." ಹಣ್ಣಿನ ಒಂದು ಹೋಳು ನನ್ನ ಕೈಗಿಟ್ಟು, "ಆದ್ರ ಕೈಯಾಗ ಹಿಡಿದೆ ನೋಡು," ಎಂದರು. ಚಿಕ್ಕಿನ ಅಂಟು ಹತ್ತಿದ್ದರೂ, ನಕಾಶೆ ಹಿಡಿದ ಆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲೂ ಇಲ್ಲ.

ಮತ್ತೊಂದು ಹಾಳೆ ಹುಡುಕಿ ಕೊಡುತ್ತೇನೆ ಅಂದಿದ್ದೆ. ಸಿಗಲಿಲ್ಲ. ಮಾಸ್ತರು ಝೆರಾಕ್ಸುಗಳ ನಡುವೆಯೇ ತೀರಿಕೊಂಡರು...

ಇವತ್ತು ಬೆಳಿಗ್ಗೆ ಹೆಣ್ಣುಮಗಳೊಬ್ಬಳು ಹಳೆಯ ಸಮೆ, ಅಂದರೆ ದೀಪದ ಕಂಬ, ಮಾರಲು ತಂದಿದ್ದಳು. "ಏನೈತಬೇ ಇದರಾಗ, ಸವದ ಹೋಗೇತಿ" ಅಂದೆ. ಅಂದು, ಯಾಕೋ ಪಕ್ಕಕ್ಕೆ ತಿರುಗಿ ನೋಡಿದೆ. ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ನಾನು ಹೇಳಿದ ದರಕ್ಕೇ ಕೊಟ್ಟು ಹೋದಳು.